ಕಾಲಿಗೆ ತಕ್ಕ ಕರಿಬೂಟು

ಗಂಗಾವತಿ
೧೯ ನವೆಂಬರ್ ೨೦೦೩, ಬುಧವಾರ

ಪ್ರೀತಿಯ ಅತ್ತೀ,

ನಿಮ್ಮ ಸೊಸೆ ಹಂಪವ್ವ ಬಗ್ಗಿ ಮಾಡುವ ನಮಸ್ಕಾರಗಳು. ಮೊದಲು ‘ಪೂಜ್ಯ ಅತ್ತೆಯವರಿಗೆ’ ಎಂದು ಶುರು ಮಾಡಿದ್ದೆ. ಹಾಗೆ ಬರೆದರೆ ಯಾವುದೋ ಸರಕಾರಿ ಕಾಗದ ಬಂತೆಂದು ನೀವು ಹೆದರುತ್ತೀರಿ ಎಂದು ಆ ಹಾಳೆಯನ್ನು ಹರಿದು ಹಾಕಿದೆ. ನಿಮ್ಮ ಸೊಂಟದ ನೋವು ಹೇಗಿದೆ? ಸೊಲ್ಲಾಪುರದಲ್ಲಿ ಚಳಿ ಬಿದ್ದಿರಬೇಕು, ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಲಲಿತಾ ಮತ್ತು ಕೂಸು ಆರಾಮ ಇದ್ದಾರೆಯೇ? ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ನಿಮ್ಮ ಕೈಯಿಂದಲೇ ಆಗಲಿ, ಆದರೆ ಹಂಡೆಯ ನೀರು ಮಾತ್ರ ಅಳಿಯಂದಿರು ಎತ್ತಲಿ. ಅಳಿಯನಿಗೆ ಕೆಲಸ ಹೇಳಿದರೆ ಯಾವ ಪಾಪವೂ ಸುತ್ತಿಕೊಳ್ಳುವುದಿಲ್ಲ. ಲಲಿತಾ, ಈ ಕಾಗದವನ್ನು ಓದಿ ಹೇಳುವವಳು ನೀನೇ ಅಲ್ಲವೇ? ಹೋದ ಸಲ ನಿನ್ನ ಅಣ್ಣನನ್ನು ನಾನು ಬೈದಿದ್ದ ಸಾಲುಗಳನ್ನು ನುಂಗಿಕೊಂಡು ಓದಿದೆಯಂತೆ, ನನಗೆ ಸುದ್ದಿ ಬಂದಿದೆ. ಈ ಸಲ ಒಂದಕ್ಷರವನ್ನೂ ಬಿಡಬೇಡ, ಕೂಸು ಅತ್ತರೆ ಎತ್ತಿಕೊಂಡೇ ಓದು.

ಇಲ್ಲಿ ನಾವೆಲ್ಲ ಆರಾಮ. ನಿಮ್ಮ ಮಗನಿಗೆ ಈ ತಿಂಗಳು ಅಕ್ಕಿ ಗಿರಣಿಯಲ್ಲಿ ಹಗಲು ಪಾಳಿ. ಅಂಜಲಿ ನೀವು ಹೋದ ಮೇಲೆ ರೊಟ್ಟಿ ಬಡಿಯಲು ಕಲಿತಿದ್ದಾಳೆ. ಅವಳ ರೊಟ್ಟಿಗಳು ಶಾಲೆಯ ಗೋಡೆಯ ಮೇಲಿನ ಜಿಲ್ಲಾ ನಕಾಶೆಗಳ ಹಾಗಿರುತ್ತವೆ, ನಿನ್ನೆ ನಾನು ಬಳ್ಳಾರಿ ತಿಂದೆ, ಅವರಪ್ಪ ಬಿಜಾಪುರ ತಿಂದರು. ನನ್ನ ಕಾಲಿನ ಸುದ್ದಿಯನ್ನು ಯಾರೋ ನಿಮಗೆ ಅರ್ಧ ಮುಟ್ಟಿಸಿದ್ದಾರೆ ಎಂದು ತಿಳಿಯಿತು. ಪೂರ್ತಿ ಹೇಳುವವಳು ನಾನೇ, ಸಾವಕಾಶವಾಗಿ ಕೇಳಿ.

ಈ ಕಥೆಯನ್ನು ಮೊದಲು ಹೇಳಿದವರು ನೀವು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ತೊಂಬತ್ತೇಳರ ಶ್ರಾವಣದಲ್ಲಿ, ಭತ್ತದ ನಾಟಿ ಮುಗಿಸಿ ನಿಮ್ಮ ಗುಂಪಿನ ಹೆಣ್ಣುಮಕ್ಕಳೆಲ್ಲ ಕಾಲುವೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಗ ನೀವು ಏಳು ಸೊಸೆಯರ ಕಥೆ ಹೇಳಿದ್ದಿರಿ. ಆ ಕಥೆಯನ್ನು ಮೊನ್ನೆ ಸೋಮವಾರ ಮಧ್ಯಾಹ್ನ ನಾನು ಎಂಟು ಜನರಿಗೆ ಹೇಳಿದೆ. ಹೇಳುವ ಪ್ರಸಂಗ ಯಾಕೆ ಬಂತು, ಹೇಳಿದ ಮೇಲೆ ಏನಾಯಿತು ಎಂಬುದೇ ಈ ಕಾಗದ.

ನೀವು ಭಾದ್ರಪದದಲ್ಲಿ ಸೊಲ್ಲಾಪುರದ ಬಸ್ಸು ಹತ್ತಿದಾಗ ನಮ್ಮ ಜವಳಿ ಅಂಗಡಿಯ ಮುಂದಿನ ಗೋಡೆಯನ್ನು ಒಡೆಯುತ್ತಿದ್ದರು. ಈಗ ಅಲ್ಲಿ ಗೋಡೆಯೇ ಇಲ್ಲ, ಎಲ್ಲ ಗಾಜು. ಹಿರಿಯ ಸಾವ್ಕಾರರು ವ್ಯವಹಾರವನ್ನು ಮಗ ಗುರುಬಸವನ ಕೈಗೆ ಬಿಟ್ಟುಕೊಟ್ಟು ಮನೆಯಲ್ಲಿ ಪೂಜೆ ಮಾಡಿಕೊಂಡಿದ್ದಾರೆ. ಮಗ ಬಿಳಿ ಹಾಸಿನ ಗಾದಿಗಳನ್ನೆಲ್ಲ ಎತ್ತಿ ಹಾಕಿ, ಮುಖ ಕಾಣುವಂಥ ಟೈಲ್ಸ್ ಹಾಕಿಸಿ, ಉದ್ದಕ್ಕೂ ಕೌಂಟರ್ ಕಟ್ಟಿಸಿದ್ದಾನೆ. ಮೊದಲು ನಾವು ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು, ಗಾದಿಯ ಮೇಲೆ ಮಂಡಿ ಮಡಚಿ ಕೂತು, ಗಿರಾಕಿಯ ಮಡಿಲಿಗೇ ಸೀರೆ ಬಿಚ್ಚುತ್ತಿದ್ದೆವು. ಈಗ ಬೆಳಗಿನ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ನಿಲ್ಲುವುದಕ್ಕೆ ನಾನು ಅಂಜಿದವಳಲ್ಲ. ನಿಮ್ಮ ಗುಂಪಿನಲ್ಲಿ ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಂತವಳಿಗೆ ನೆಟ್ಟಗೆ ನಿಲ್ಲುವುದು ಒಂದು ಕೆಲಸವೇ? ಆದರೆ ದಸರೆಗೆ ಅಂಗಡಿ ತೆರೆಯುವ ಮುಂಚೆ ಗುರುಬಸವ ಇನ್ನೊಂದು ಹುಕುಂ ಮಾಡಿದ. ಒಂಬತ್ತೂ ಹೆಣ್ಣುಮಕ್ಕಳು ಒಂದೇ ಬಣ್ಣದ ಸೀರೆ ಉಡಬೇಕು, ಕಾಲಿಗೆ ಕರಿ ಬೂಟು ಹಾಕಬೇಕು. ಹೈದರಾಬಾದಿನ ಮಳಿಗೆಗಳಲ್ಲಿ ಹಾಗೆಯೇ ಇದೆಯಂತೆ.

‘ನಿಮ್ಮ ನಿಮ್ಮ ಬೂಟಿನ ನಂಬರ್ ಬರೆದು ಕೊಡ್ರಿ, ತರಸ್ತೀನಿ’ ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮಲ್ಲಿ ಹಿರಿಯಳಾದ ತಾಜಬೀ, ‘ನಂಬರ್ ಇರೋದು ಬಸ್ಸಿಗಿ. ನಮ್ಮ ಕಾಲಿಗೆ ಎಲ್ಲೈತ್ರಿ?’ ಎಂದಳು. ಹುಟ್ಟಿದಾಗಿನಿಂದ ನಾವು ಚಪ್ಪಲಿಯ ಅಳತೆ ಕೊಟ್ಟ ರೀತಿ ನಿಮಗೆ ಗೊತ್ತೇ ಇದೆ. ಪೇಟೆಗೆ ಹೊರಟವರ ಕೈಗೆ ಕಾಲಿನ ಉದ್ದಕ್ಕೆ ಮುರಿದ ಒಂದು ಜೋಳದ ದಂಟು. ನಾವೂ ಅದನ್ನೇ ಮಾಡಿದೆವು. ಮರುದಿನ ಬೆಳಗ್ಗೆ ಎದ್ದವರೇ ಹೊಸ್ತಿಲ ಮೇಲೆ ಕೂತು, ಹಿಮ್ಮಡದಿಂದ ಹೆಬ್ಬೆರಳ ತುದಿಯವರೆಗೆ ಹಿಡಿದು, ದಂಟು ಮುರಿದು, ಗುರುತಿಗೆ ಒಂದೊಂದು ಬಣ್ಣದ ದಾರ ಕಟ್ಟಿ ಒಂಬತ್ತು ಕಡ್ಡಿಗಳನ್ನು ಅವನ ಕೈಗೆ ಕೊಟ್ಟೆವು. ಅವನು ನಕ್ಕ, ಆದರೂ ಚೀಲದಲ್ಲಿಟ್ಟುಕೊಂಡು ಹೈದರಾಬಾದಿಗೆ ಹೋದ.

ಬೂಟು ಬಂದವು. ಮುಂದೆ ಚೂಪಾದ ಮೂಗು, ಹಿಂದೆ ಮೂರು ಬೆರಳು ಎತ್ತರದ ಹಿಮ್ಮಡ. ಗುರುಬಸವ ನಮ್ಮ ಮುಂದೆಯೇ ಒಂದೊಂದು ಕಡ್ಡಿಯನ್ನು ಒಂದೊಂದು ಬೂಟಿನೊಳಗೆ ಇಳಿಸಿ ತೋರಿಸಿದ. ಕಡ್ಡಿಗಳು ಅಳತೆಗೆ ಸರಿಯಾಗಿ ಕೂತವು. ಕಾಲು ಕೂರಲಿಲ್ಲ, ಅತ್ತೀ. ಕಡ್ಡಿಗೆ ಉದ್ದವಿತ್ತೇ ಹೊರತು ಅಗಲವಿರಲಿಲ್ಲ, ಬೆರಳಿರಲಿಲ್ಲ, ಬೆರಳಿಗೆ ಕಾಲುಂಗುರವಿರಲಿಲ್ಲ. ಚಪ್ಪಲಿಯಾದರೆ ಈ ಅಳತೆ ನಡೆದುಹೋಗುತ್ತಿತ್ತು. ಅದರ ಬಾಯಿ ತೆರೆದೇ ಇರುತ್ತದೆ, ಜಾಗ ಸಾಲದ ಬೆರಳು ಹೊರಗೆ ಗಾಳಿ ಕುಡಿಯುತ್ತ ಸುಮ್ಮನಿರುತ್ತದೆ. ಬೂಟಿನೊಳಗೆ ಸಿಕ್ಕ ಬೆರಳು ಎಲ್ಲಿಗೆ ಹೋಗಬೇಕು? ಎರಡನೆಯ ದಿನಕ್ಕೆ ಕಾಲುಂಗುರ ಪಕ್ಕದ ಬೆರಳನ್ನು ಕೊರೆಯಿತು. ನಾಲ್ಕನೆಯ ದಿನಕ್ಕೆ ಹೆಬ್ಬೆರಳ ಬುಡದ ಗೆಣ್ಣು ಬದನೆಕಾಯಿಯ ಬಣ್ಣಕ್ಕೆ ಬಂತು. ದೀಪಾವಳಿಯ ಹೊತ್ತಿಗೆ ನಾನು ಮನೆಗೆ ಬಂದರೆ ನಿಮ್ಮ ಮಗ ಬೋಗುಣಿಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ತಂದಿಡುತ್ತಿದ್ದರು. ಒಳ್ಳೆಯವರೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಬಿಸಿನೀರಿನ ಜೊತೆಗೆ ದಿನಾ ಒಂದು ಮಾತನ್ನೂ ತರುತ್ತಿದ್ದರು. ಆ ಮಾತನ್ನು ಆಮೇಲೆ ಬರೆಯುತ್ತೇನೆ.

ನೋವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ಉಳಿದ ಎಂಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಹಾಗೆ ಅವರೂ ಹೊಲದಿಂದ ಬಂದವರು, ಕಳೆ ತೆಗೆದವರು, ನಾಟಿ ಹಚ್ಚಿದವರು. ಆದರೂ ಯಾರ ಕಾಲಿಗೂ ಏನೂ ಆಗಿಲ್ಲವೆಂಬಂತೆ ನಗುತ್ತ ನಿಲ್ಲುತ್ತಿದ್ದರು. ಹಾಗಾದರೆ ನನ್ನದೊಂದೇ ಕೆಟ್ಟ ಕಾಲೇನೋ, ಈ ಕೆಲಸಕ್ಕೆ ಹುಟ್ಟಿದ ಕಾಲಲ್ಲವೇನೋ ಎಂದು ನನಗೂ ಅನಿಸಿತು. ಅಂಗಡಿಯ ಕನ್ನಡಿಯಲ್ಲಿ ನನ್ನ ಪಾದ ಕಂಡರೆ ಸೀರೆಯ ನೆರಿಗೆಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದೆ. ನಿಮಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಕೊನೆಗೆ ಒಂದು ದಿನ ಗುರುಬಸವನ ಟೇಬಲ್ಲಿನ ಮುಂದೆ ಹೋಗಿ ನಿಂತೆ. ‘ಸಣ್ಣ ಸಾವ್ಕಾರ್ರ, ಈ ಬೂಟು ನನಗಾಗವಲ್ಲವು. ಬ್ಯಾರೆ ತರಸಿ ಕೊಡ್ರಿ’ ಎಂದೆ. ಅವನು ಟೇಬಲ್ಲಿನ ಖಾನೆ ಎಳೆದು ನನ್ನ ಹಸಿರು ದಾರದ ಕಡ್ಡಿಯನ್ನು ಹೊರಗೆ ತೆಗೆದ. ‘ಅಳತಿ ಕೊಟ್ಟವರು ಯಾರು? ನೀವ. ಕಡ್ಡಿ ಸುಳ್ಳ ಹೇಳ್ತೈತೇನು?’ ಎಂದ. ಆಮೇಲೆ ದನಿ ಇಳಿಸಿ, ನನಗೆ ಉಪಕಾರ ಮಾಡುವವನ ಹಾಗೆ, ‘ಆ ಕಾಲುಂಗುರ ತಗದು ಪರ್ಸಿನ್ಯಾಗ ಇಟ್ಕೋರಿ. ಮನಿಗಿ ಹೋಗೂ ಮುಂದ ಮತ್ತ ಏರಿಸ್ಕೋರಿ’ ಎಂದ. ಅತ್ತೀ, ನನ್ನ ಮೈಯೆಲ್ಲ ಉರಿದುಹೋಯಿತು. ‘ಗಂಡ ಇರಾಕಿಗೆ ದಿನಾ ಮುಂಜಾನಿ ಉಂಗುರ ತಗಿ ಅಂತೀರಲ್ಲ, ಈ ಮಾತು ನಿಮ್ಮವ್ವಗ ಹೇಳಿ ನೋಡ್ರಿ, ಏನಂತಾರ ಕೇಳೂಣು’ ಎಂದೆ. ಅವನ ಮುಖ ಕೆಂಪಾಯಿತು. ‘ಕೌಂಟರಿಗೆ ಬರಬೇಕಂದ್ರ ಕರೇ ಬೂಟು. ಇಲ್ಲಂದ್ರ ಗೋದಾಮು. ಗಂಟು ಬಿಚ್ಚೂದು, ಕಸ ಹೊಡಿಯೂದು’ ಎಂದ. ನಾನು ನನ್ನ ಕಡ್ಡಿಯನ್ನು ಎತ್ತಿಕೊಂಡು, ಆ ಮಾತನ್ನು ಗಂಟು ಕಟ್ಟಿಕೊಂಡು ಬಂದೆ. ಅವನು ಕರಿ ಬೂಟು ಎಂದಿದ್ದ, ಚೂಪು ಮೂಗಿನದು ಎಂದಿರಲಿಲ್ಲ.

ನನ್ನ ಕಾಲಿಗೆ ಆಗುವ ಕರಿ ಬೂಟು ಈ ಸೀಮೆಯಲ್ಲಿ ಇಲ್ಲವೇ ಇಲ್ಲವೇ, ನೋಡಿಯೇ ಬಿಡೋಣ ಎಂದು ರಜೆ ಹಾಕಿ ಹೊರಟೆ. ಗಂಗಾವತಿಯ ನಾಲ್ಕು ಅಂಗಡಿ ಹತ್ತಿ ಇಳಿದೆ. ಹೆಣ್ಣುಮಕ್ಕಳ ಬೂಟೆಂದರೆ ಎಲ್ಲವೂ ಚೂಪು, ಎಲ್ಲವೂ ಎತ್ತರ. ಕುಷ್ಟಗಿಯಲ್ಲಿ ಒಬ್ಬ, ‘ಒಂದು ನಂಬರ್ ದೊಡ್ಡದು ಹಾಕ್ಕೋರಿ, ಅಗಲ ತಾನ ಬರ್ತೈತಿ’ ಎಂದು ಹಾಕಿಸಿದ. ಅಗಲವೇನೋ ಬಂತು, ಆದರೆ ಎರಡು ಹೆಜ್ಜೆ ಇಟ್ಟೆ, ನಾನು ಮುಂದೆ ಹೋದೆ, ಬೂಟು ಹಿಂದೆ ಉಳಿಯಿತು. ಅಂಗಡಿಯವನೂ ನಾನೂ ಸೇರಿಯೇ ನಕ್ಕೆವು. ಕೊಪ್ಪಳದ ಅಂಗಡಿಯಲ್ಲಿ ಮಾತ್ರ ನಗು ಬರಲಿಲ್ಲ. ಅಲ್ಲಿನವನು ನನ್ನ ಪಾದವನ್ನು ನೋಡಿ, ಪಕ್ಕದ ಗಿರಾಕಿಗಳಿಗೂ ಕೇಳುವ ಹಾಗೆ, ‘ಇವು ಹೆಣ್ಮಕ್ಕಳ ಕಾಲಲ್ಲವ್ವ, ಲಾರಿ ಡ್ರೈವರ್ ಕಾಲು. ಹಿಟ್ನಾಳದಾಗ ಡ್ರೈವರುಗಳ ಬೂಟು ಹೊಲಿಯಾಂವ ನೂರಸಾಬ ಅಂತ ಅದಾನ, ಅವನ ಕಡೆ ಹೋಗು’ ಎಂದ. ಎಲ್ಲರೂ ನಕ್ಕರು. ಒಂದು ತಿಂಗಳ ಹಿಂದೆ ಆಗಿದ್ದರೆ ಕಣ್ಣಲ್ಲಿ ನೀರು ತಂದುಕೊಂಡು ಇಳಿದು ಬರುತ್ತಿದ್ದೆ. ‘ಡ್ರೈವರ್ ಕಾಲು ಅಂದ್ರೇನ್ರಿ, ಲಾರಿನ ನಡಸ್ತಾವು. ವಿಳಾಸ ಹೇಳಿದ್ರಿ, ಛಲೋ ಆತು’ ಎಂದವಳೇ ಹೊಸಪೇಟೆಯ ಬಸ್ಸು ಹತ್ತಿ ಹಿಟ್ನಾಳದಲ್ಲಿ ಇಳಿದೆ.

ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿಗೆ ಅಂಟಿಕೊಂಡಂತೆ ನೂರಸಾಬನ ತಗಡಿನ ಅಂಗಡಿ ಇದೆ. ವಯಸ್ಸಾದ ಮನುಷ್ಯ, ಒಂದು ಕಡೆ ಕಡ್ಡಿ ಮುರಿದ ಕನ್ನಡಕವನ್ನು ಕಿವಿಗೆ ದಾರದಿಂದ ಕಟ್ಟಿಕೊಂಡಿದ್ದಾನೆ. ನಾನು ಕಡ್ಡಿಯ ಅಳತೆ ಇದೆ ಎಂದೆ. ಅವನು ಕಡ್ಡಿಯನ್ನು ಕೈಗೆ ತೆಗೆದುಕೊಂಡು ಅದರಿಂದ ಬೆನ್ನು ತುರಿಸಿಕೊಂಡು ಕೆಳಗಿಟ್ಟ. ‘ಬೇಟಿ, ಕುಂತ ಕಾಲು ಬ್ಯಾರೆ, ನಿಂತ ಕಾಲು ಬ್ಯಾರೆ. ಮುಂಜಾನಿ ಕಾಲು ಬ್ಯಾರೆ, ಸಂಜಿ ಕಾಲು ಬ್ಯಾರೆ. ಇದರಾಗ ಯಾವ ಕಾಲಿಗೆ ಬೂಟು ಬೇಕು ನಿನಗ?’ ಎಂದು ಕೇಳಿದ. ನಾನು ‘ದುಡಿಯೂ ಕಾಲಿಗೆ’ ಎಂದೆ. ‘ಹಂಗಾರ ಛಲೋ ಹೊತ್ತಿಗೆ ಬಂದಿ. ದಿನವೆಲ್ಲಾ ಅಡ್ಡಾಡಿ ಕಾಲು ಬಾತಾವು. ನಿಂದ್ರು’ ಎಂದು ನೆಲಕ್ಕೆ ಹಳೆಯ ಪೇಪರು ಹಾಸಿದ. ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಂತೆ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಬೆರಳು ಬೆರಳಿನ ಸುತ್ತ ಗೆರೆ ಎಳೆದ. ನನ್ನ ಎಡಗಾಲು ಬಲಗಾಲಿಗಿಂತ ದೊಡ್ಡದು ಎಂದು ನನಗೆ ಮೂವತ್ತಾರು ವರ್ಷಕ್ಕೆ ಅವತ್ತೇ ಗೊತ್ತಾದದ್ದು. ‘ಇವು ಒಂದ ತಾಯಿ ಮಕ್ಕಳು, ಅವಳಿ ಜವಳಿ ಅಲ್ಲ. ದೊಡ್ಡದರ ಅಳತಿಗೆ ಹೊಲೀಬೇಕು, ಸಣ್ಣದಕ್ಕ ಒಳಗ ಒಂದು ಮೆತ್ತೆ ಹಾಕಬೇಕು’ ಎಂದ. ಕೆಲಸವೇನು ಎಂದು ಕೇಳಿ, ನಿಂತು ಸೀರೆ ತೋರಿಸುವುದೆಂದು ತಿಳಿದ ಮೇಲೆ, ‘ಹಂಗಾರ ಬೆರಳು ಆಡಬೇಕು, ಹಿಮ್ಮಡ ಆಡಬಾರದು’ ಎಂದು ಪೇಪರಿನ ಮೇಲೆ ಗುರುತು ಹಾಕಿಕೊಂಡ. ಕಾಲುಂಗುರ ತೆಗೆಯಬೇಕೇ ಎಂದು ಅಂಜುತ್ತಲೇ ಕೇಳಿದೆ. ‘ತೌಬಾ! ಯಾಕ ತಗೀತಿ? ಮ್ಯಾಲಿನ ತೊಗಲು ಎತ್ತರಸ್ತೀನಿ, ಅದೂ ಆರಾಮ ಇರಲಿ ಒಳಗ’ ಎಂದ. ಇಷ್ಟು ದಿನದಲ್ಲಿ ಕಾಲು ತಪ್ಪು ಮಾಡಿದೆ ಎನ್ನದ ಮೊದಲ ಮನುಷ್ಯ ಅವನು.

ಹತ್ತು ದಿನಕ್ಕೆ ಬೂಟು ಸಿದ್ಧವಾದವು. ಕರಿ ತೊಗಲು, ಮುಂದೆ ದುಂಡು, ಒಂದೇ ಬೆರಳಿನ ಹಿಮ್ಮಡ, ಮೇಲೆ ಬಕಲಿನ ಪಟ್ಟಿ. ಒಳಗೆ ಕಾಲಿಟ್ಟರೆ ಐದೂ ಬೆರಳು ಊಟದ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಆರಾಮವಾಗಿ ಕೂತವು. ಮೊನ್ನೆ ಸೋಮವಾರ ಅವನ್ನು ಹಾಕಿಕೊಂಡು ಅಂಗಡಿಗೆ ಹೋದೆ. ಗುರುಬಸವ ನೋಡಿದವನೇ, ‘ಏನ್ರೀ ಹಂಪವ್ವ, ಪೊಲೀಸ್ ಭರ್ತಿಗಿ ಹೊಂಟೀರೇನು?’ ಎಂದ. ‘ಕರೇ ಬೂಟು ಅಂದಿದ್ರಿ, ಕರೇವ ಅದಾವು. ನಿಮ್ಮ ಮಾರಿ ಕಾಣೂವಂಗ ಪಾಲಿಶ್ ಮಾಡೇನಿ, ಬಗ್ಗಿ ನೋಡ್ಕೋರಿ’ ಎಂದೆ. ಗಿರಾಕಿಯೊಬ್ಬರು ಕಿಸಕ್ಕನೆ ನಕ್ಕರು. ಅದೇ ಮುಳುವಾಯಿತು. ಅವನು ಎಲ್ಲರ ಕಡೆ ತಿರುಗಿ, ‘ಎಂಟು ಮಂದಿ ಸುಮ್ಮನ ಹಾಕ್ಕೊಂಡಾರ. ಯಾರಿಗರೆ ತ್ರಾಸ ಐತೇನ್ರೀ? ಇದ್ರ ಈಗ ಹೇಳ್ರಿ’ ಎಂದು ಕೇಳಿದ. ಎಂಟು ಜನವೂ ಟೈಲ್ಸ್ ನೋಡುತ್ತ ನಿಂತರು. ತಾಜಬೀ ಕೂಡ. ಆ ಚೂಪು ಬೂಟು ಒಂದು ತಿಂಗಳಲ್ಲಿ ಕೊಡದಷ್ಟು ನೋವನ್ನು ಅವರ ಆ ಬಗ್ಗಿದ ತಲೆಗಳು ಒಂದು ಗಳಿಗೆಯಲ್ಲಿ ಕೊಟ್ಟವು. ‘ನೋಡಿದ್ರಲ್ಲ? ನಡೀರಿ ಗೋದಾಮಿಗೆ’ ಎಂದ. ಹೋದೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಬರುವುದು ಗೋದಾಮಿಗೇ. ಬಟ್ಟೆಯ ಗಂಟುಗಳ ನಡುವೆ ಬುತ್ತಿ ಬಿಚ್ಚಿ ಕೂತರು. ಯಾರೂ ನನ್ನ ಕಡೆ ನೋಡಲಿಲ್ಲ. ಬೈಯಬೇಕೆಂದು ಬೆಳಗಿನಿಂದ ಮಾತು ಜೋಡಿಸಿಟ್ಟಿದ್ದೆ. ಬಾಯಿ ತೆರೆದಾಗ ಬಂದದ್ದು ನಿಮ್ಮ ಕಥೆ. ‘ಒಂದೂರಾಗ ಒಬ್ಬಾಕಿ ಗೌಡತಿ, ಆಕಿಗಿ ಏಳು ಮಂದಿ ಸೊಸ್ತೇರು’ ಎಂದು ಶುರು ಮಾಡಿದೆ. ನಾನು ಹೇಳಿದ್ದು ನಿಮಗೆ ಒಪ್ಪಿಗೆಯೋ ಇಲ್ಲವೋ ನೋಡಿ. ಸೊಸೆಯರು ಹೊಲ ಮರೆತು ವಾಡೆಯೊಳಗೆ ಚೆಂದದ ಜೋಡು ಮೆಟ್ಟಿ ಅಡ್ಡಾಡಲಿ ಎಂದು ಗೌಡತಿಗೆ ಆಸೆ. ಹಿರಿಯ ಸೊಸೆಯ ಕಾಲಿನ ಅಳತೆ ಕೊಟ್ಟು ಏಳು ಜೊತೆ ಮಾಡಿಸಿದಳು. ಮೆಟ್ಟಿದ ದಿನದಿಂದ ಏಳೂ ಜನ ಕುಂಟತೊಡಗಿದರು. ಹಿರಿಯವಳು ಕೂಡ, ಯಾಕೆಂದರೆ ಅವಳ ಅಳತೆ ಮೂರು ಹೆರಿಗೆಗೆ ಮುಂಚಿನದು. ಎರಡನೆಯವಳನ್ನು ಕೇಳಿದರೆ ಮುಳ್ಳು ನಟ್ಟಿದೆ ಎಂದಳು. ಮೂರನೆಯವಳು ಬಾವಿಕಟ್ಟೆಯ ಹತ್ತಿರ ಕಾಲು ಉಳುಕಿತು ಎಂದಳು. ನಾಲ್ಕನೆಯವಳು, ‘ನಾ ಎಲ್ಲಿ ಕುಂಟ್ತೀನಿ, ನಿಮ್ಮ ವಾಡೇದ ನೆಲನ ತಗ್ಗು ದಿನ್ನಿ ಐತಿ’ ಎಂದಳು. ಇಲ್ಲಿ ನಮ್ಮಲ್ಲಿ ಕಿರಿಯಳಾದ ಬಸಾಪಟ್ಟಣದ ಹುಡುಗಿ ನಕ್ಕಳು, ನಕ್ಕವಳು ತಟ್ಟನೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಒಬ್ಬೊಬ್ಬರಿಗೂ ತನ್ನ ಕಾಲೇ ಸೊಟ್ಟ ಎಂಬ ಭಯ, ಅದಕ್ಕೇ ಒಬ್ಬರಿಗೊಬ್ಬರು ಹೇಳುವುದಿಲ್ಲ. ಒಂದು ದಿನ ಏಳೂ ಜನ ಬೀಸುವ ಕಲ್ಲಿನ ಹತ್ತಿರ ಇರುವಾಗ ಕಿರಿಯವಳು ಜೋಡು ಕಿತ್ತೆಸೆದು ನಡುವೆ ಕಾಲು ಚಾಚುತ್ತಾಳೆ. ನಿಮ್ಮ ಕಥೆಯಲ್ಲಿ ಅವಳು ಅಳುತ್ತಾಳೆ. ನಾನು ಅಳಿಸಲಿಲ್ಲ, ಅದೊಂದು ಬದಲಾವಣೆಗೆ ಕ್ಷಮೆ ಇರಲಿ. ‘ಯಕ್ಕಾರ್ಯಾ, ನೋಡಿ ಹೇಳ್ರಿ. ಇದು ನನ್ನ ಕಾಲಿನ ತಪ್ಪೋ, ಜೋಡಿನ ತಪ್ಪೋ?’ ಎಂದು ಕೇಳುತ್ತಾಳೆ. ನೀವು ಯಾವಾಗಲೂ ನಿಲ್ಲಿಸುವ ಜಾಗದಲ್ಲೇ ನಾನೂ ನಿಲ್ಲಿಸಿ ನೀರು ಕುಡಿದೆ.

ಆಮೇಲೆ ತಾಜಬೀ ಬುತ್ತಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎಡಗಾಲಿನ ಬೂಟನ್ನು ಎರಡೂ ಕೈಯಿಂದ ಕಿತ್ತಳು. ಕಿರುಬೆರಳಿನ ಉಗುರು ಕಪ್ಪಗಾಗಿ ಅಲ್ಲಾಡುತ್ತಿತ್ತು. ‘ಜೋಡಿಂದ’ ಎಂದಳು, ‘ನೂರಕ್ಕ ನೂರು ಜೋಡಿಂದ ತಪ್ಪು!’ ಅವಳ ಹಿಂದೆಯೇ ಇನ್ನೊಬ್ಬಳು ತೆಗೆದಳು, ಒಳಗಿಂದ ಮುಷ್ಟಿಯಷ್ಟು ಅರಳೆ ಬಂತು. ಒಬ್ಬಳು ಬೂಟಿನ ಪಕ್ಕವನ್ನು ಬ್ಲೇಡಿನಿಂದ ಸೀಳಿ, ಕಾಣದಿರಲೆಂದು ಒಳಗೆ ಕರಿ ಬಟ್ಟೆ ತುರುಕಿದ್ದಳು. ಬಸಾಪಟ್ಟಣದ ಹುಡುಗಿ ಸೆರಗಿನ ತುದಿಯ ಗಂಟು ಬಿಚ್ಚಿದಳು, ಅದರಲ್ಲಿ ಅವಳ ಕಾಲುಂಗುರಗಳು. ಮದುವೆಯಾಗಿ ನಾಲ್ಕು ತಿಂಗಳು ಆಗಿಲ್ಲ, ದಿನಾ ಬಸ್ ಸ್ಟ್ಯಾಂಡಿನ ಮರೆಯಲ್ಲಿ ತೆಗೆದು, ಸಂಜೆ ಅದೇ ಮರೆಯಲ್ಲಿ ಏರಿಸಿಕೊಂಡು ಮನೆಗೆ ಹೋಗುತ್ತಿದ್ದಳಂತೆ. ಹದಿನಾರು ಕಾಲು, ಅತ್ತೀ, ಹದಿನಾರೂ ಅಗಲ. ಯಾರೋ, ‘ಎಲ್ಲಾರವೂ ಒಂದ ನಮೂನಿ ಅದಾವಲ್ಲ!’ ಎಂದರು. ಆಗ ನಾವು ನಕ್ಕ ನಗುವಿಗೆ ಗುರುಬಸವ ಮೇಲಿನಿಂದ ಗಂಟೆ ಬಾರಿಸಿದ.

ಮರುದಿನ ಮಂಗಳವಾರ ನಾನು ಸಮಯಕ್ಕೆ ಸರಿಯಾಗಿ ಹೋದರೆ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ನಿಜವಾಗಿ ನನಗೆ ಏನೂ ಗೊತ್ತಿರಲಿಲ್ಲ. ತುಳಸಿ ಲಗ್ನ ಮುಗಿದು ಮದುವೆಯ ಜವಳಿ ಶುರುವಾದ ದಿನಗಳು. ಹತ್ತು ಗಂಟೆಗೆ ತಳಕಲ್ಲಿನ ಬೀಗರು ಎರಡು ಟೆಂಪೋದಲ್ಲಿ ಬಂದು ಇಳಿದರು, ಎಲ್ಲರೂ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರಲು ಗಾದಿ ಹುಡುಕಿದರು. ಗುರುಬಸವ ಬಾಗಿಲಿಗೂ ಫೋನಿಗೂ ಓಡಾಡಿ ಸಾಕಾಗಿ ಗೋದಾಮಿಗೆ ಬಂದ. ‘ಹಂಪಕ್ಕಾ, ಕೌಂಟರಿಗೆ ಬರ್ರಿ’ ಎಂದ. ಗಾದಿಯ ಅಂಗಡಿಯಿದ್ದಾಗ ಕರೆಯುತ್ತಿದ್ದ ಹೆಸರು ಈ ಗಾಜಿನ ಅಂಗಡಿಯಲ್ಲಿ ಮೊದಲ ಸಲ ಬಂತು. ‘ಇದ ಬೂಟಿನ್ಯಾಗ ಬರ್ಲೇನ್ರಿ?’ ಎಂದು ಕೇಳಿದೆ. ಅವನು ಮತ್ತೆ ಫೋನಿನ ಕಡೆ ಓಡಿದ, ನಾನೂ ಅದೇ ಬೂಟಿನಲ್ಲಿ ಕೌಂಟರಿಗೆ ಹೋದೆ. ರಾತ್ರಿ ಎಂಟರವರೆಗೆ ನಿಂತೆ, ಧಾರೆ ಸೀರೆಯಿಂದ ಹಿಡಿದು ಬೀಗತಿಯರ ಕುಬಸದ ಕಣದವರೆಗೆ ತೋರಿಸಿದೆ, ನನ್ನ ಕಾಲು ನನಗೆ ನೆನಪೇ ಆಗಲಿಲ್ಲ.

ಎಂಟು ಜನ ಎಲ್ಲಿದ್ದರೆಂದು ಆಮೇಲೆ ತಾಜಬೀ ಹೇಳಿದಳು. ಕೇಳಿದ ಕಥೆಯನ್ನು ಹೊತ್ತುಕೊಂಡು ಮನೆಗೆ ಹೋದವರು ಬೆಳಗ್ಗೆ ಮೊದಲ ಬಸ್ಸಿಗೇ ಹಿಟ್ನಾಳಕ್ಕೆ ಹೋಗಿದ್ದಾರೆ. ಅಳತೆ ಕೊಟ್ಟು ಒಂಬತ್ತೂವರೆಯೊಳಗೆ ತಿರುಗಿ ಬರುವುದು ಅವರ ಲೆಕ್ಕ. ನೂರಸಾಬ ತಗಡಿನ ಬಾಗಿಲು ತೆಗೆದು ನೋಡಿದರೆ ಎಂಟು ಹೆಂಗಸರು ಸಾಲಾಗಿ ನಿಂತಿದ್ದಾರೆ. ಅವನು ಕನ್ನಡಕ ಸರಿಮಾಡಿಕೊಂಡು ಹದಿನಾರು ಕಾಲುಗಳನ್ನೂ ನೋಡಿ ತಲೆಯಾಡಿಸಿದನಂತೆ. ‘ಮುಂಜಾನಿ ಕಾಲಿನ ಅಳತಿ ನಾ ತಗೊಳಂಗಿಲ್ಲ. ಐದು ಗಂಟೇಕ ಬರ್ರಿ’ ಎಂದನಂತೆ. ಇಬ್ಬರು ಮೂವರು ಅಂಗಡಿಯ ನೆನಪಾಗಿ ತಿರುಗಿ ಹೋಗುವ ಬಸ್ಸಿನ ದಾರಿ ನೋಡತೊಡಗಿದರಂತೆ. ತಾಜಬೀ, ‘ಮದುವಿ ಗಿರಾಕಿ ಮುಂದ ಸಣ್ಣ ಸಾವ್ಕಾರ ತಾನ ಬೂಟು ಹಾಕ್ಕೊಂಡು ನಿಲ್ಲಲಿ. ನನ್ನ ಕಾಲು ಬಾಯೂತನಕ ನಾ ಬರಂಗಿಲ್ಲ’ ಎಂದಳಂತೆ. ಹೈದರಾಬಾದಿನ ಎಂಟು ಜೊತೆಗಳನ್ನು ನೂರಸಾಬನ ಬೆಂಚಿನ ಕೆಳಗೆ ತಳ್ಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಟು ಜನವೂ ಬರಿಗಾಲಿನಲ್ಲಿ ಹೆದ್ದಾರಿಯ ಅಂಚು ಹಿಡಿದು ಹುಲಿಗೆಮ್ಮನ ಗುಡಿಯ ಕಡೆಗೆ ನಡೆದರಂತೆ, ಸಂಜೆಯಾಗುವಷ್ಟರಲ್ಲಿ ಕಾಲು ಚೆನ್ನಾಗಿ ಬಾತುಕೊಳ್ಳಲಿ ಎಂದು.

ಲಲಿತಾಗೆ ಮತ್ತು ಕೂಸಿಗೆ ನನ್ನ ಆಶೀರ್ವಾದ. ಅಳಿಯಂದಿರಿಗೆ ಶರಣು. ಅಂಜಲಿ ಅಜ್ಜಿಗೆ ಮುತ್ತು ಕಳಿಸಿದ್ದಾಳೆ, ಹಾಳೆಯ ಮೂಲೆಯಲ್ಲಿರುವ ಎಣ್ಣೆಯ ಕಲೆ ಅದೇ.

ನಿಮ್ಮ ಸೊಸೆ,
ಹಂಪವ್ವ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲು ತೆಗೆಯುವ ಹೊತ್ತಾಯಿತು. ಬರುವ ಸೋಮವಾರ ಒಂಬತ್ತೂ ಜನ ಹೈದರಾಬಾದಿನ ಬೂಟಿನಲ್ಲಿ ಬರದಿದ್ದರೆ ಎಲ್ಲರನ್ನೂ ಬಿಡಿಸಿ ಹೊಸಬರನ್ನು ತರುತ್ತೇನೆ ಎಂದು ಗುರುಬಸವ ಇವತ್ತು ಹೇಳಿದ್ದಾನೆ. ಹಾಕುವುದಿಲ್ಲ ಎಂದು ನಾವು ಕಾಗದ ಬರೆದು ಕೊಟ್ಟಿದ್ದೇವೆ. ಮೊದಲ ಸಹಿ ನನ್ನದು. ನಿಮ್ಮ ಮಗ ಬಿಸಿನೀರಿನ ಜೊತೆ ದಿನಾ ತರುವ ಮಾತು, ‘ಹೊಂದಿಕೊಂಡು ಹೋಗು’ ಎಂಬುದು. ನಾನು ಕೇಳದ್ದಕ್ಕೆ ಭಾನುವಾರ ನಿಮಗೆ ಫೋನು ಮಾಡಿ ನಿಮ್ಮ ಬಾಯಿಂದ ಅದನ್ನೇ ಹೇಳಿಸಬೇಕೆಂದಿದ್ದಾರೆ. ಅವರ ಫೋನಿಗಿಂತ ಮೊದಲು ಈ ಕಾಗದ ಮುಟ್ಟಬೇಕು. ಗುರುಬಸವ ಹೇಳಿದರೆ ನಾನು ಕೇಳುವುದಿಲ್ಲ, ನಿಮ್ಮ ಮಗ ಹೇಳಿದರೂ ಕೇಳುವುದಿಲ್ಲ. ಆದರೆ ‘ನನ್ನ ಕಾಲು ಕೆಸರಿನ್ಯಾಗ ಹೋದವು, ನಿನ್ನವರೆ ಉಳೀಲಿ’ ಎಂದು ನನ್ನನ್ನು ಗುಂಪಿನಿಂದ ಬಿಡಿಸಿ ಈ ಅಂಗಡಿಗೆ ಕಳಿಸಿದವರು ನೀವು. ನೀವು ಹೇಳಿದರೆ ಕೇಳಿಬಿಡುತ್ತೇನೆ, ಅತ್ತೀ. ಅದಕ್ಕೇ ಹೇಳಬೇಡಿ.